ಒಂಬತ್ತು ತಾಯಂದಿರು, ಒಂದು ಅರ್ಧ ಮಾತು

ನೇಕಾರರ ಓಣಿಯ ಅಂಗನವಾಡಿಯಲ್ಲಿ ಒಂದು ತಕ್ಕಡಿ ಇತ್ತು. ಪ್ರತಿ ಗುರುವಾರ ಕೂಸುಗಳನ್ನು ತೂಗುವ ತಕ್ಕಡಿ. ಆದರೆ ತಾಯಂದಿರು ಅತ್ತ ಸುಳಿಯುತ್ತಿರಲಿಲ್ಲ. ಬೇಡವಾದರೆ ಬೇರೆ ಓಣಿಗೆ ಒಯ್ಯುತ್ತೇವೆ, ಮೊದಲು ತಾಯಂದಿರನ್ನು ಕೇಳಿ ವರದಿ ಕೊಡಿ ಎಂದು ಕಚೇರಿಯವರು ನೀಲಾಂಬಿಕಾ ಅಕ್ಕೋರಿಗೆ ಹೇಳಿ ಕಳಿಸಿದರು. ಜನರನ್ನು ಕೂಡಿಸಿ, ಮಾತಾಡಿಸಿ, ಅವರ ಮಾತನ್ನು ಬರೆದುಕೊಡುವುದರಲ್ಲೇ ಅಕ್ಕೋರ ತಲೆ ಬೆಳ್ಳಗಾಗಿತ್ತು. ಈ ಸಲದ ಕೆಲಸವನ್ನು ಅವರು ಶಿಷ್ಯೆ ಕಸ್ತೂರಿಗೆ ವಹಿಸಿದರು.

ಕಸ್ತೂರಿಗೆ ಇದು ಮೊದಲ ವರದಿ. ಒಂಬತ್ತು ತಾಯಂದಿರನ್ನು ಕೂಡಿಸಿದಳು. ಮಾತೆಲ್ಲ ಫೋನಿನಲ್ಲಿ ಹಿಡಿದಳು. ಮನೆಗೆ ಬಂದು ಒಂದಕ್ಷರ ಬಿಡದೆ ಬರೆದಳು, ಪಾಪ, ಬೆರಳು ನೋಯುವ ತನಕ. ಕೊನೆಗೆ ಮುತ್ತಿನಂಥ ಅಕ್ಷರದಲ್ಲಿ, ‘ತೂಕ ಮಾಡಿಸುವುದು ತಾಯಂದಿರೆಲ್ಲರಿಗೂ ಬೇಡವಾಗಿದೆ’ ಎಂದು ವರದಿ ಮುಗಿಸಿದಳು.

ಅಕ್ಕೋರು ಓದಿದರು. ಬೈಯಲಿಲ್ಲ. ಅವಳ ಕೈಗೊಂದು ಲೋಟ ಚಹಾ ಕೊಟ್ಟು ಪಕ್ಕದಲ್ಲಿ ಕೂಡಿಸಿಕೊಂಡರು.

“ಪ್ರತಿ ಮಾತಿನ ಮುಂದ ಅದನ್ನ ಆಡಿದವರ ಹೆಸರು ಬರಿಯವ್ವಾ. ನಮ್ಮಿಬ್ಬರ ಕಣ್ಣಿಗಷ್ಟ ಇರ್ಲಿ.”

ಕಸ್ತೂರಿ ಬರೆಯುತ್ತ ಹೋದಳು. ಗೌರವ್ವ. ಗೌರವ್ವ. ಮತ್ತೆ ಗೌರವ್ವ. ಆ ಓಣಿಯಲ್ಲಿ ಗೌರವ್ವನದು ದೊಡ್ಡ ಬಾಯಿ. ತೂಗಿದರೆ ಕೂಸು ದಪ್ಪಗಾಗುತ್ತದೇನು ಎಂದು ಅವಳೇ ಕೇಳಿದ್ದಳು, ಉಳಿದವರು ನಕ್ಕಿದ್ದರು. ಆ ನಗುವನ್ನು ಕಸ್ತೂರಿ ಒಪ್ಪಿಗೆ ಎಂದು ಬರೆದುಕೊಂಡಿದ್ದಳು.

“ಒಂಬತ್ತು ಮಂದಿ ಕುಂತಿದ್ರು. ಉಳಿದ ಎಂಟು ಮಂದಿ ಎಲ್ಲಿ ಹೋದ್ರವ್ವಾ?” ಎಂದರು ಅಕ್ಕೋರು.

ಕಸ್ತೂರಿಯ ಮುಖ ಸಣ್ಣದಾಯಿತು. ಫೋನನ್ನು ಕಿವಿಗಿಟ್ಟು ಮೊದಲಿನಿಂದ ಕೇಳಿದಳು. ನಡುವೆ ಒಂದು ಮೆಲ್ಲನೆಯ ದನಿ, “ತೂಕ ಆದ ಮ್ಯಾಲ ಹೇಳೂದು…” ಎಂದು ಶುರುಮಾಡಿ ನಿಂತುಹೋಗಿತ್ತು. ಗೌರವ್ವ ಬಾಯಿ ಹಾಕಿದ್ದಳು. ಅದು ಸಾವಂತ್ರಿಯ ದನಿ. ಮಾತು ಪೂರ್ತಿ ಇಲ್ಲವೆಂದು, ಬರೆದ ಮೇಲೆ ಕಸ್ತೂರಿಯೇ ಅದನ್ನು ಹೊಡೆದುಹಾಕಿದ್ದಳು.

ಮರುದಿನ ಅವಳು ಸಾವಂತ್ರಿಯ ಮನೆಗೆ ಹೋದಳು. ಸಾವಂತ್ರಿ ಮಗ್ಗ ನಿಲ್ಲಿಸಿ, ತೊಟ್ಟಿಲ ಕಡೆ ನೋಡುತ್ತ ಹೇಳಿದಳು.

“ನರ್ಸಬಾಯಿ ಕೂಸಿನ ತೂಕಾನ ಓಣಿಗೆಲ್ಲ ಕೇಳೂಹಂಗ ಕೂಗಿ ಹೇಳ್ತಾಳ್ರಿ. ನನ್ನ ಕೂಸು ಬಡಕಲ ಐತಿ. ಎಲ್ಲಾರೂ ತಿರುಗಿ ನೋಡಿದ್ರ ಹೆತ್ತ ಹೊಟ್ಟಿ ಉರೀತದ್ರಿ.”

ಕಸ್ತೂರಿ ಅದನ್ನು ಬರೆದುಕೊಂಡಳು. ಉಳಿದವರ ಮನೆಗೂ ಒಂದೊಂದಾಗಿ ಹೋದಳು. ಆರು ಮಂದಿ ಅದೇ ಹೇಳಿದರು. ಒಬ್ಬಳು ಗುರುವಾರ ತನಗೆ ನೂಲು ತರುವ ದಿನ ಎಂದಳು. ಗೌರವ್ವ ಮಾತ್ರ ಬಾಗಿಲಲ್ಲೇ ನಿಲ್ಲಿಸಿ, ಹಿಂದೆ ಹೇಳಿದ್ದನ್ನೇ ಹೇಳಿ ಕಳಿಸಿದಳು.

ಕಸ್ತೂರಿ ವರದಿಯನ್ನು ಹೊಸದಾಗಿ ಬರೆದಳು. ನೂಲಿನವಳ ಮಾತೂ ಇತ್ತು, ಗೌರವ್ವನ ಮಾತೂ ಇತ್ತು, ಹೆಸರು ಯಾರದೂ ಇರಲಿಲ್ಲ. ಅಕ್ಕೋರು ಓದಿ ಅವಳ ತಲೆ ಸವರಿದರು. ತಕ್ಕಡಿ ಅಲ್ಲೇ ಉಳಿಯಿತು. ತೂಕವನ್ನು ಕೂಗದೆ, ಬರೆದು ತಾಯಿಗಷ್ಟೇ ತೋರಿಸಬೇಕೆಂದಾಯಿತು.

ಮುಂದಿನ ಗುರುವಾರ ಅಂಗನವಾಡಿಯ ಮುಂದೆ ಸಾಲು ನಿಂತಿತ್ತು. ಎಲ್ಲರೂ ಹೋದ ಮೇಲೆ ಗೌರವ್ವ ಬಂದಳು. ಸೆರಗಿನೊಳಗಿಂದ ಕಡ್ಡಿಯಂಥ ಕೂಸನ್ನು ಹೊರತೆಗೆದು, ಅವಳ ಬಾಯಿಂದ ಯಾರೂ ಎಂದೂ ಕೇಳಿರದಷ್ಟು ಸಣ್ಣ ದನಿಯಲ್ಲಿ ನರ್ಸಬಾಯಿಗೆ ಅಂದಳು.

“ನಂದೂ ಒಂದೀಟು ತೂಗವ್ವಾ.”

ನೀತಿ: ಗುಂಪಿನಲ್ಲಿ ಜೋರಾಗಿ ಕೇಳಿದ ಮಾತು ಗುಂಪಿನ ಮಾತಲ್ಲ; ಕೆಲವೊಮ್ಮೆ ಅದು ಆಡಿದವರ ಮನಸ್ಸಿನ ಮಾತೂ ಅಲ್ಲ. ‘ಎಲ್ಲರೂ’ ಎಂದು ಬರೆಯುವ ಮೊದಲು, ಅರ್ಧಕ್ಕೆ ನಿಂತ ಮಾತನ್ನು ಹುಡುಕಿಕೊಂಡು ಹೋಗಬೇಕು.