ಬದಲಿ ಡಬ್ಬಿ

ಗಾಂಜಾ ಸೇದಿದ ಅನುಮಾನದ ಮೇಲೆ ಕಾಲೇಜಿನವರು ಕಂಟ್ರಾಕ್ಟರ್ ಚಂದ್ರಮೌಳಿಯ ಮಗನನ್ನು ಮೂತ್ರ ಪರೀಕ್ಷೆಗೆ ಕಳಿಸಿದ್ದರು. ಅಪ್ಪ ಹಿಂದೆಯೇ ಬಂದು ಲ್ಯಾಬಿನ ಆಯಾ ನೀಲಮ್ಮನ ಮೇಲೆ ಹರಿಹಾಯ್ದ.

"ಇವನದು ಬೇಡ. ಬೇರೆ ಯಾರದಾದ್ರೂ ತುಂಬಿಡು. ಇಲ್ಲಾಂದ್ರೆ ನಾಳೆಯಿಂದ ನಿನಗೆ ಕೆಲಸ ಇರಲ್ಲ."

ನೀಲಮ್ಮ ಯಾರ ಡಬ್ಬಿಯನ್ನೂ ಅದಲುಬದಲು ಮಾಡಿದವಳಲ್ಲ. "ಆಗ್ಲಿ ಸಾಹೇಬ್ರೇ," ಅಂದಳು. ಬೆಂಚುಗಳಲ್ಲಿ ಕಾಯುತ್ತಿದ್ದ ಜನರ ಕಡೆ ತಿರುಗಿ, ಟೋಕನ್ ಕೂಗುವ ದನಿಯಲ್ಲೇ ಕೂಗಿದಳು: "ಚಂದ್ರಮೌಳಿ ಸಾಹೇಬರ ಮಗನಿಗೆ ಒಂದು ಡಬ್ಬಿ ಉಚ್ಚೆ ಬೇಕಂತೆ. ಯಾರು ಕೊಡ್ತೀರಿ? ಗಾಂಜಾ ಸೇದಿರಬಾರದು."

ಮೂಲೆಯಲ್ಲಿದ್ದ ಅಜ್ಜ ಕೋಲೂರಿ ಎದ್ದ. "ನಂಗೆ ಶುಗರ್ ಐತಮ್ಮ. ನಡೀತದಾ?"

ನೀಲಮ್ಮ ಕಂಟ್ರಾಕ್ಟರನ ಮುಖ ನೋಡಿದಳು. "ಪಾಪ, ಕೇಳ್ತಿದ್ದಾರೆ. ಏನು ಹೇಳಲಿ?"

ಚಂದ್ರಮೌಳಿ ಖಾಲಿ ಡಬ್ಬಿ ತೆಗೆದು ಮಗನ ಕೈಗೆ ತುರುಕಿದ.

"ಅಜ್ಜನಿಗೆ ಕೂತ್ಕೊಳ್ಳೋಕೆ ಹೇಳಿ, ಅಮ್ಮ," ಅಂದ ಕಂಟ್ರಾಕ್ಟರ್.