ತಲೆ ಎತ್ತದವರ ಒಪ್ಪಿಗೆ

ಮಕ್ಕಳೇ, ಹುತ್ತದಬೋರೆ ಎಂಬ ಗುಡ್ಡ ದೂರದಿಂದ ನೋಡಿದವರಿಗೆ ಬರೀ ಬೋಳುಗುಡ್ಡ. ನಾಲ್ಕಾರು ಮತ್ತಿಮರ, ಒಂದಿಷ್ಟು ಬಿದಿರು, ಉಳಿದದ್ದೆಲ್ಲ ಕೆಂಪು ಮಣ್ಣು. ಆ ಮಣ್ಣಿನ ತುಂಬ ಆಳೆತ್ತರದ ಹುತ್ತಗಳು. ಆದರೆ ಅಲ್ಲಿ ಚಿಪ್ಪುಹಂದಿಗಳ ಒಂಬತ್ತು ಮನೆಗಳಿದ್ದವು. ಮೈತುಂಬ ಚಿಪ್ಪು, ಉದ್ದ ಮೂತಿ, ಅದಕ್ಕಿಂತ ಉದ್ದ ನಾಲಿಗೆ. ಹಗಲೆಲ್ಲ ಬಿಲದಲ್ಲಿ ಮಲಗಿ, ಹೊತ್ತು ಇಳಿದ ಮೇಲೆ ಹೊರಗೆ ಬಂದು, ಹುತ್ತ ಕೆದಕಿ ಗೆದ್ದಲು ತಿಂದು ಬದುಕುವ ಸಾಧುಗಳು. ಆನೆಗಳು ಆ ಕಾಡಿಗೆ ಬರುವುದಕ್ಕೂ ಮೊದಲಿನಿಂದ ಅವರು ಅಲ್ಲಿದ್ದರು. ಈ ಮಾತನ್ನು ಆನೆಗಳೇ ಹೇಳುತ್ತಿದ್ದವು.

ಎರಡು ವರ್ಷದಿಂದ ಆ ಗುಡ್ಡಕ್ಕೆ ನೀರಿನ ಕಷ್ಟ ಹತ್ತಿಕೊಂಡಿತ್ತು. ಬೇಸಿಗೆಯಲ್ಲಿ ಗುಟುಕು ನೀರು ಬೇಕೆಂದರೂ ಹೊಳೆಯವರೆಗೆ ಇಳಿಯಬೇಕು. ಹೊಳೆದಾರಿಯಲ್ಲಿ ಚಿರತೆ ಹೊಂಚು ಹಾಕಿರುತ್ತದೆ. ದೊಡ್ಡವರಾದರೆ ಉಂಡೆಯಾಗಿ ಸುತ್ತಿಕೊಂಡು ಬಚಾವಾಗುತ್ತಾರೆ. ಅಮ್ಮನ ಬಾಲದ ಮೇಲೆ ಕೂತು ಹೋಗುವ ಮರಿಗಳ ಚಿಪ್ಪು ಮಾತ್ರ ಇನ್ನೂ ಎಳಸು. ಹೋದ ಬೇಸಿಗೆಯಲ್ಲಿ ಇಬ್ಬರು ಅಮ್ಮಂದಿರು ನೀರಿಗೆ ಹೋಗಿ ಬರಿ ಬಾಲದಲ್ಲಿ ಮರಳಿದ್ದರು.

ಇದು ಕಾಡಿನ ಸಭೆಯ ಕಿವಿಗೆ ಬಿತ್ತು. ಆ ಕಾಡಿನಲ್ಲಿ ಒಂದು ಒಳ್ಳೆಯ ಪದ್ಧತಿ ಇತ್ತು. ವರ್ಷಕ್ಕೆ ಮೂರು ದಿನ ಆನೆಗಳು ಕಷ್ಟದಲ್ಲಿರುವ ಯಾವುದಾದರೂ ಒಂದು ಕೇರಿಗಾಗಿ ದುಡಿಯುತ್ತಿದ್ದವು. ಈ ಸಲದ ಮೂರು ದಿನ ಹುತ್ತದಬೋರೆಗೆ ಎಂದು ಸಭೆ ತೀರ್ಮಾನಿಸಿತು. ಏನು ಕೆಲಸ, ಎಲ್ಲಿ, ಹೇಗೆ ಎಂದು ಯೋಜನೆ ಹಾಕುವ ಹೊಣೆ ಕೆಂಚಿ ಎಂಬ ಕೆಂದಳಿಲಿನ ಮೇಲೆ ಬಿತ್ತು.

ಕೆಂಚಿ ಒಳ್ಳೆಯವಳು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನೀವು ಅವಳ ಮೇಲೆ ಸಿಟ್ಟಾಗುತ್ತೀರಿ. ಮರಿ ಕಳೆದುಕೊಂಡ ಅಮ್ಮಂದಿರ ಸುದ್ದಿ ಕೇಳಿ ಅವಳು ಎರಡು ದಿನ ಹಣ್ಣು ಮುಟ್ಟಿರಲಿಲ್ಲ. ಅವಳಿಗಿದ್ದದ್ದು ಒಂದೇ ದೋಷ, ಅವಸರ. ಒಂದು ಮರದಿಂದ ಇನ್ನೊಂದಕ್ಕೆ ಹಾರುವಾಗಲೇ ಮೂರನೆಯ ಮರದ ಯೋಚನೆ ಅವಳಿಗೆ. ಎದುರಿಗಿದ್ದವರ ಮಾತನ್ನು ಅರ್ಧಕ್ಕೆ ಹಿಡಿದು ತಾನೇ ಮುಗಿಸಿಬಿಡುವವಳು.

ಚಿಪ್ಪುಹಂದಿಗಳು ಹೊರಗೆ ಬರುವುದು ಸಂಜೆಗೆ, ಅಳಿಲು ಗೂಡು ಸೇರುವುದೂ ಸಂಜೆಗೆ. ಹಾಗಾಗಿ ಕೆಂಚಿಗೆ ಸಿಕ್ಕಿದ್ದು ಹೊತ್ತು ಮುಳುಗುವ ಮೊದಲಿನ ಸ್ವಲ್ಪ ಸಮಯ. ಅವಳು ಎಲ್ಲರನ್ನೂ ಕರೆದು, ಒಂದು ಹುತ್ತದ ತುದಿಯಲ್ಲಿ ಕೂತು ಪಟಪಟನೆ ವಿವರಿಸಿದಳು. ಗುಡ್ಡದ ನಡುವೆ ಇಷ್ಟೊಂದು ಜಾಗ ಪಾಳು ಬಿದ್ದಿದೆ, ಇಲ್ಲಿ ಆನೆಗಳು ಕೆರೆ ತೋಡುತ್ತವೆ, ಇನ್ನು ಮೇಲೆ ಯಾರೂ ಹೊಳೆಗೆ ಇಳಿಯಬೇಕಾಗಿಲ್ಲ ಎಂದಳು.

ಚಿಪ್ಪುಹಂದಿಗಳಿಗೆ ಹೊಸಬರ ಮುಂದೆ ಬಹಳ ಸಂಕೋಚ. ಸಂಕೋಚವಾಯಿತೆಂದರೆ ಮೂತಿಯನ್ನು ಹೊಟ್ಟೆಗೆ ಒತ್ತಿಕೊಂಡು ಉಂಡೆಯಾಗಿಬಿಡುತ್ತಾರೆ. ಕೆಂಚಿಯ ಮಾತು ಮುಗಿಯುವಷ್ಟರಲ್ಲಿ ಅವಳ ಮುಂದೆ ಮುಖಗಳೇ ಇರಲಿಲ್ಲ, ಸಾಲಾಗಿ ಉಂಡೆಗಳಿದ್ದವು.

“ಕೆರೆ ಬೇಡ ಅನ್ನೋರು ತಲೆ ಎತ್ತಿ,” ಎಂದಳು ಕೆಂಚಿ.

ಯಾರೂ ಎತ್ತಲಿಲ್ಲ. ಕೆಂಚಿ ಒಮ್ಮೆ ಬಾಲ ಕೊಡವಿದಳು, ಎರಡು ಸಲ ಸೂರ್ಯನನ್ನು ನೋಡಿದಳು, ಮತ್ತಿಮರ ಹತ್ತಿ ಹೊರಟೇಬಿಟ್ಟಳು. ಮರುದಿನ ಸಭೆಯಲ್ಲಿ ಕೆಲಸಕ್ಕೆ ಸರ್ವಾನುಮತದ ಒಪ್ಪಿಗೆ ಸಿಕ್ಕಿದೆ ಎಂದು ತಿಳಿಸಿದಳು. ಪಾಪ, ತುಂಬ ವಿನಯವಂತರು, ಎಲ್ಲರೂ ತಲೆ ತಗ್ಗಿಸಿಯೇ ಒಪ್ಪಿದರು ಎಂದೂ ಸೇರಿಸಿದಳು. ಸುಳ್ಳು ಹೇಳಿದಳೆಂದಲ್ಲ. ಅವಳು ಹಾಗೆಯೇ ನಂಬಿದ್ದಳು.

ಆನೆಗಳು ಬಂದವು. ಮೂರು ಹಗಲು ಹುತ್ತದಬೋರೆ ಅದುರಿತು. ಬಿಲದೊಳಗೆ ಅಮ್ಮಂದಿರು ಮರಿಗಳನ್ನು ಹೊಟ್ಟೆಗೆ ಅವಚಿಕೊಂಡು ಉಂಡೆಯಾಗಿ ಕೂತರು. ಇಪ್ಪತ್ತೆರಡು ಹುತ್ತಗಳು ನೆಲಸಮವಾದವು. ಆ ಜಾಗದಲ್ಲಿ ಅಗಲವಾದ ಹೊಂಡವಾಯಿತು. ಮೂರನೆಯ ಸಂಜೆ ಆನೆಗಳು ಹೊಳೆಯಿಂದ ಸೊಂಡಿಲುಗಟ್ಟಲೆ ನೀರು ತಂದು ಸುರಿದವು. ಸಭೆಯವರೆಲ್ಲ ಬಂದು ನೋಡಿ ಕೆಂಚಿಯನ್ನು ಬಾಯ್ತುಂಬ ಹೊಗಳಿದರು. ಕೆಂಚಿಯ ಬಾಲ ಎರಡರಷ್ಟು ಉಬ್ಬಿತು.

ಬೆಳಗಾಗುವಷ್ಟರಲ್ಲಿ ಕೆರೆಯಲ್ಲಿ ಹಿಡಿ ಕೆಸರು ಉಳಿದಿತ್ತು, ಅಷ್ಟೇ. ಹುತ್ತದ ನೆಲ ಮೇಲೆ ಗಟ್ಟಿ, ಒಳಗೆ ಜರಡಿ. ಗೆದ್ದಲು ಕೊರೆದ ಸಾವಿರ ದಾರಿಗಳಲ್ಲಿ ನೀರೆಲ್ಲ ಇಳಿದುಹೋಗಿತ್ತು.

ಸುದ್ದಿ ಕೆಂಚಿಗೂ ಮುಟ್ಟಿತು. ಸಭೆಗೆ ವರದಿ ಒಪ್ಪಿಸುವ ನರಿ ಮೆಲ್ಲಗೆ ಅವಳ ಪಕ್ಕಕ್ಕೆ ಬಂದಿತು.

“ಅವರ ಉಗುರು ನೋಡಿದ್ದೀಯಲ್ಲ. ಕೆರೆಯ ತಳ ಅವರೇ ತೋಡಿ ಹಾಳು ಮಾಡಿದ್ರು ಅಂದ್ಬಿಡು. ಅವರೇನು ಬಂದು ಇಲ್ಲ ಅಂತಾರಾ?”

ಕೆಂಚಿ ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. ನಿಜ ಹೇಳಬೇಕೆಂದರೆ ಆ ಮಾತು ಅವಳಿಗೆ ಸ್ವಲ್ಪ ಹಿತವಾಗಿಯೇ ಇತ್ತು. ಆದರೂ ಮನಸ್ಸು ತಡೆಯದೆ ಸಂಜೆ ಒಬ್ಬಳೇ ಗುಡ್ಡ ಹತ್ತಿದಳು.

ಒಣಗಿದ ಕೆರೆಯ ಪಕ್ಕ ಪುಟ್ಟತಾಯಮ್ಮ ಎಂಬ ಚಿಪ್ಪುಹಂದಿ ಸಪಾಟು ನೆಲವನ್ನು ಕೆರೆಯುತ್ತಿದ್ದಳು. ಅವಳ ಬಾಲದ ಮೇಲೆ ಅಂಗೈಯಗಲದ ಮರಿ ಕೂತಿತ್ತು. ಅವಳು ಕೆರೆದು ಕೆರೆದು ನಾಲಿಗೆ ಚಾಚುತ್ತಿದ್ದಳು, ಬರಿ ಮಣ್ಣು ಬರುತ್ತಿತ್ತು. ತಾನು ಪಾಳು ಜಾಗ ಎಂದದ್ದು ಇವರ ಊಟದ ಮನೆ ಎಂದು ಕೆಂಚಿಗೆ ಆಗ ತಿಳಿಯಿತು. ನೀರು ಕೊಡಲು ಬಂದವಳು ಅನ್ನ ಕಿತ್ತುಕೊಂಡಿದ್ದಳು.

ಅವಳನ್ನು ಕಂಡೊಡನೆ ಪುಟ್ಟತಾಯಮ್ಮ ಮರಿಯನ್ನು ಒಳಗೆಳೆದುಕೊಂಡು ಉಂಡೆಯಾದಳು.

ಈ ಸಲ ಕೆಂಚಿ ಮರ ಹತ್ತಿ ಹೊರಡಲಿಲ್ಲ. ಅಲ್ಲೇ ಕೂತಳು. ಸೂರ್ಯ ಮುಳುಗಿದ. ಅವಳ ಗೂಡಿನ ಮರ ಕಾಣದಾಯಿತು. ತರಗೆಲೆ ಸರಕ್ಕೆಂದರೂ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು, ಆದರೆ ಏಳಲಿಲ್ಲ. ಬಹಳ ಹೊತ್ತಿನ ಮೇಲೆ ಉಂಡೆ ಸಡಿಲವಾಯಿತು. ಮೊದಲು ಮೂತಿ ಬಂತು, ಆಮೇಲೆ ಒಂದು ಕಣ್ಣು.

“ಇನ್ನೂ ಇದ್ದೀಯಾ? ಏನಾದ್ರೂ ತಿಂದ್ಯಾ?” ಎಂದಳು ಪುಟ್ಟತಾಯಮ್ಮ.

ಹಸಿದವಳ ಬಾಯಿಂದ ಆ ಮಾತು ಕೇಳಿ ಕೆಂಚಿಗೆ ಅಳುವೇ ಬಂತು. ತಡೆದುಕೊಂಡು ಕೇಳಿದಳು:

“ಕೆರೆ ಬೇಡ ಅನ್ನೋರು ತಲೆ ಎತ್ತಿ ಅಂದೆನಲ್ಲ ಅವತ್ತು. ನೀವ್ಯಾಕೆ ಎತ್ತಲಿಲ್ಲ?”

“ಎತ್ತಿದ್ವಿ ಕಣವ್ವ. ನಮಗೆ ಸ್ವಲ್ಪ ಹೊತ್ತು ಬೇಕು. ಎತ್ತಿ ನೋಡೋ ಹೊತ್ತಿಗೆ ನೀನೇ ಇರ್ಲಿಲ್ಲ.”

“ಎಷ್ಟು ಮನೆಯವರು?”

“ಒಂಬತ್ತು ಮನೆಯವರೂ.”

ಕೆಂಚಿ ತಲೆ ತಗ್ಗಿಸಿದಳು. ಅವಳು ಮತ್ತೇನೂ ಕೇಳದೆ ಕಾದದ್ದಕ್ಕೆ ಪುಟ್ಟತಾಯಮ್ಮ ತಾನಾಗಿಯೇ ಉಳಿದದ್ದನ್ನೂ ಹೇಳಿದಳು. ಬಿದಿರುಮೆಳೆಯ ಹಿಂದೆ ಅವರದೇ ಒರತೆ ಇತ್ತಂತೆ. ಎಂಥ ಬೇಸಿಗೆಯಲ್ಲೂ ಬತ್ತಿದ್ದಲ್ಲ. ಎರಡು ವರ್ಷದ ಹಿಂದೆ ಗಾಳಿಗೆ ದೊಡ್ಡ ಹೊನ್ನೆಮರ ಅದರ ಮೇಲೆ ಉರುಳಿಬಿತ್ತು. ಇವರು ಸುತ್ತ ಮಣ್ಣು ತೆಗೆದಷ್ಟೂ ಮರ ಇನ್ನಷ್ಟು ಕೆಳಗೆ ಕೂತಿತು. ಒಂದು ಆನೆ ಅರ್ಧ ಬೆಳಗು ಬಂದು ಎಳೆದಿದ್ದರೆ ಸಾಕಿತ್ತಂತೆ.

ಮರುದಿನ ಕೆಂಚಿ ಸಭೆಯ ಎದುರು ನಿಂತಳು. ನರಿ ಕಣ್ಣಲ್ಲೇ ಸನ್ನೆ ಮಾಡುತ್ತಿತ್ತು. ಅವಳು ಅತ್ತ ನೋಡಲಿಲ್ಲ.

“ಚಿಪ್ಪುಹಂದಿಗಳು ಕೆರೆಗೆ ಒಪ್ಪಿರಲಿಲ್ಲ. ನಾನು ಕೇಳಿದೆ, ಆದರೆ ಉತ್ತರಕ್ಕೆ ಕಾಯಲಿಲ್ಲ. ತಪ್ಪು ನನ್ನದು,” ಎಂದಳು. ಆಮೇಲೆ ಒರತೆಯ ವಿಷಯ ಹೇಳಿ, ಒಂದು ಆನೆಯನ್ನು ಅರ್ಧ ದಿನಕ್ಕೆ ಕಳಿಸಿ ಎಂದು ಕೈಮುಗಿದಳು.

ಸಭೆಯಲ್ಲಿ ಗುಜುಗುಜು ಎದ್ದಿತು. ಗುಡ್ಡಕ್ಕೆ ಕೊಟ್ಟ ಮೂರು ದಿನ ಮುಗಿದಿದೆ, ಇನ್ನು ಮುಂದಿನ ವರ್ಷ ನೋಡೋಣ ಎಂದರು ಕೆಲವರು. ಅಷ್ಟರಲ್ಲಿ ಎಷ್ಟು ಅಮ್ಮಂದಿರು ಹೊಳೆಗೆ ಇಳಿಯಬೇಕು ಎಂದು ಯಾರೂ ಯೋಚಿಸಿದಂತೆ ಕಾಣಲಿಲ್ಲ. ಆಗ ದೊಡ್ಡಣ್ಣ ಎಂಬ ಮುದಿ ಆನೆ ಎದ್ದು ನಿಂತ.

“ಮೂರು ದಿನ ಬೆವರು ಸುರಿಸಿದ್ದು ನಾವು, ನಿಜ. ಆದ್ರೆ ಆ ಮರಿಗಳಿಗೆ ಒಂದು ಗುಟುಕು ನೀರು ಸಿಕ್ತಾ? ಸಿಗದೆ ಇದ್ಮೇಲೆ ಅವರ ಪಾಲು ಅವರಿಗೆ ಸೇರಿದೆ ಅಂತ ಹೆಂಗೆ ಹೇಳೋದು?”

ಸಭೆ ಒಪ್ಪಿತು. ಅಂದೇ ಇಳಿಹೊತ್ತಿಗೆ ದೊಡ್ಡಣ್ಣ ಗುಡ್ಡ ಹತ್ತಿದ. ಮರವನ್ನು ಯಾವ ಕಡೆಯಿಂದ ಎಳೆಯಲಿ ಎಂದು ಪುಟ್ಟತಾಯಮ್ಮನನ್ನು ಕೇಳಿದ. ಅವಳು ಉಂಡೆಯಾದಳು. ಸ್ವಲ್ಪ ಕಾಯಿ ಎಂದು ಕೆಂಚಿ ಸಂಜ್ಞೆ ಮಾಡಿದ್ದಕ್ಕೆ ದೊಡ್ಡಣ್ಣ ಬಿದಿರು ಮುರಿದು ಅಗಿಯುತ್ತಾ ನಿಂತ. ಕೊನೆಗೆ ಪುಟ್ಟತಾಯಮ್ಮ ಬಿಚ್ಚಿಕೊಂಡು ಬುಡದ ಕಡೆ ಮೂತಿ ತೋರಿಸಿದಳು. ಅವನು ಅಲ್ಲಿಂದಲೇ ಎಳೆದ. ಮರ ಹೊರಳಿತು. ಅದು ಕೂತಿದ್ದ ಗುಂಡಿಯಲ್ಲಿ ಮಣ್ಣು ಕಪ್ಪಾಯಿತು, ಆಮೇಲೆ ಮಿನುಗಿತು, ನೋಡನೋಡುತ್ತ ಮೊಣಕಾಲುದ್ದ ನೀರು ನಿಂತಿತು.

ಪುಟ್ಟತಾಯಮ್ಮನ ಮರಿ ಬಾಲದಿಂದ ಇಳಿದು ನೀರಿಗೆ ಮೂತಿ ಇಟ್ಟಿತು. ಹೊಳೆಗೆ ಇಳಿಯದೆ ಅದು ಕುಡಿದ ಮೊದಲ ನೀರು ಇದು. ಅಷ್ಟು ಹೊತ್ತಿಗೆ ಎರಡು ಮನೆಯವರು ಹಸಿವು ತಾಳದೆ ಗುಡ್ಡ ಬಿಟ್ಟು ಹೋಗಿಯಾಗಿತ್ತು. ಅವರು ಎಲ್ಲಿಗೆ ಹೋದರೆಂದು ಉಳಿದವರಿಗೂ ಗೊತ್ತಿರಲಿಲ್ಲ.

“ಹುತ್ತಗಳು ಮತ್ತೆ ಏಳ್ತಾವಾ?” ಕೆಂಚಿ ತಗ್ಗಿದ ದನಿಯಲ್ಲಿ ಕೇಳಿದಳು. ಕೇಳಿ, ಕಾದಳು.

ಪುಟ್ಟತಾಯಮ್ಮ ನೀರು ಕುಡಿಯುತ್ತಿದ್ದ ಮರಿಯನ್ನೇ ನೋಡುತ್ತಿದ್ದಳು. “ಏಳ್ತಾವೆ ಕಣವ್ವ. ಇದು ನೋಡುತ್ತೆ. ನಾನು ನೋಡಲ್ಲ.”

ನೀತಿ: ಸುಮ್ಮನಿದ್ದವರೆಲ್ಲ ಒಪ್ಪಿದವರಲ್ಲ, ಒಬ್ಬರಿಗೆ ಒಳ್ಳೆಯದು ಮಾಡಲು ಹೊರಟವರು ಮೊದಲು ಅವರ ಮಾತಿಗೆ ಕಾಯಬೇಕು.