ಯಾರೂ ಜಗಿಯದ ವೀಳ್ಯ

"ದೊರೆಗಳೇ, ಅರಮನೆಯ ಹೆಣ್ಣುಮಕ್ಕಳು ತಂದ ದೂರುಗಳಲ್ಲಿ ಮೂರು ವರ್ಷದಿಂದ ಒಂದೂ ಬಾಕಿ ಇಲ್ಲ. ಎಲ್ಲವನ್ನೂ ಮುಗಿಸಿದ್ದೇನೆ" ಎಂದು ಮಂತ್ರಿ ದೇವರಸಯ್ಯ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಸಿರಿಗುಂದದ ದೊರೆ ಸಂಗಪ್ಪನಾಯಕನಿಗೆ ಇಂಥ ಮಾತೆಂದರೆ ಬಲು ಇಷ್ಟ. ಮನುಷ್ಯ ಒಳ್ಳೆಯವನೇ, ಆದರೆ ಊಟದ ಹೊತ್ತು ಹತ್ತಿರವಾದಾಗ ಕೆಟ್ಟ ಸುದ್ದಿ ಕೇಳುವ ಅಭ್ಯಾಸ ಅವನಿಗಿರಲಿಲ್ಲ. "ಭೇಷ್" ಎಂದು ಎಲೆಯಡಿಕೆಗಾಗಿ ಪಕ್ಕಕ್ಕೆ ಕೈ ಚಾಚಿದ.

ಪಕ್ಕದಲ್ಲಿದ್ದವನು ಹೊಂಬಣ್ಣ. ದೊರೆಯ ಎಲೆಯಡಿಕೆ ಚೀಲ ಹೊತ್ತು ಅವನ ಬೆನ್ನಿಗಿರುವುದೇ ಹೊಂಬಣ್ಣನ ಕೆಲಸ. ಕೈ ಎಲೆಗೆ ಸುಣ್ಣ ಹಚ್ಚುತ್ತಿದ್ದರೂ ಅವನ ಕಿವಿ ಸುಮ್ಮನಿರುತ್ತಿರಲಿಲ್ಲ. ಮಂತ್ರಿಯ ಮಾತು ಸುಳ್ಳೆಂದು ಅವನಿಗೆ ಗೊತ್ತಿತ್ತು.

ಹಿಂದಿನ ದಿನ ಅಕ್ಕಿ ಕುಟ್ಟುವ ಸಣ್ಣೀರವ್ವ ಅವನೆದುರು ಸೆರಗಿನ ಗಂಟು ಬಿಚ್ಚಿದ್ದಳು. ಒಳಗೊಂದು ಬಾಡಿದ ವೀಳ್ಯ ಇತ್ತು.

"ಉಗ್ರಾಣದ ಬೊಪ್ಪಯ್ಯ ಮೈಮೇಲೆ ಕೈ ಹಾಕಿದ ಕಣಣ್ಣ. ಮಂತ್ರಿಗಳ ಹತ್ರ ಹೋದೆ. ಒಬ್ಬಳೇ ಒಳಗೆ ಯಾಕೆ ಹೋದೆ ಅಂದ್ರು. ನೋಡಿದವರು ಯಾರು ಅಂದ್ರು. ಅವನು ಸ್ವಲ್ಪ ತಮಾಷೆ ಮನುಷ್ಯ, ದೊಡ್ಡದು ಮಾಡಿದ್ರೆ ನಿನ್ನ ಮಾನವೇ ಹೋಗೋದು ಅಂದ್ರು. ಈ ಎಲೆ ಕೊಟ್ಟು ಕಳಿಸಿದ್ರು. ಹುಣ್ಣಿಮೆ ಆದ ಮೇಲೆ ನಾನು ಕೆಲಸಕ್ಕೆ ಬರೋದು ಬೇಡವಂತೆ."

ಬೊಪ್ಪಯ್ಯ ಬೇರೆ ಯಾರೂ ಅಲ್ಲ, ಮಂತ್ರಿಯ ಹೆಂಡತಿಯ ತಮ್ಮ. ಬೇಲಿಯೇ ಎದ್ದು ಹೊಲ ಮೇಯುತ್ತಿತ್ತು. ಸಿರಿಗುಂದದ ಹಳೇ ಪದ್ಧತಿ ಹೀಗಿತ್ತು: ದೂರು ತಂದವರಿಗೆ ತೀರ್ಪು ಒಪ್ಪಿಗೆಯಾದರೆ, ಮಂತ್ರಿ ಕೊಟ್ಟ ವೀಳ್ಯವನ್ನು ಅಲ್ಲೇ ಜಗಿಯಬೇಕು. ಜಗಿದರೆ ದೂರು ಮುಗಿಯಿತು. ದೇವರಸಯ್ಯ ಅದನ್ನು ತನಗೆ ಬೇಕಾದಂತೆ ತಿರುಚಿಕೊಂಡಿದ್ದ. ಎಲೆ ಕೈಗಿಟ್ಟರೆ ಸಾಕು, ಅವನ ಲೆಕ್ಕದಲ್ಲಿ ಮುಗಿಯಿತು.

"ಇನ್ಯಾರಿಗಾದರೂ ಹೀಗೆ ಎಲೆ ಸಿಕ್ಕಿದೆಯೇನವ್ವ?" ಎಂದು ಹೊಂಬಣ್ಣ ಕೇಳಿದ್ದ.

"ಬೇಕಾದಷ್ಟು ಜನಕ್ಕೆ ಸಿಕ್ಕಿದೆ. ಲಕ್ಷ್ಮಿ ಅಂತ ಎಸೆಯೋಕಾಗಲ್ಲ, ಬಾಯಿಗೆ ಹಾಕೋಕೆ ಮನಸ್ಸು ಬರಲ್ಲ. ಹಾಗೇ ಇಟ್ಕೊಂಡಿದೀವಿ."

"ಹಾಗಾದರೆ ನಾಳೆ ಎಲ್ಲರೂ ಎಲೆ ತಗೊಂಡು ಸಭೆಯ ಬಾಗಿಲಲ್ಲಿರಿ."

ಈಗ ದೊರೆಯ ಕೈಗೆ ವೀಳ್ಯವಿಟ್ಟು ಹೊಂಬಣ್ಣ ಹಲ್ಲುಗಿಂಜಿದ. "ಬುದ್ಧಿ, ಮಂತ್ರಿಗಳ ಜಾಣತನ ಕೇಳಿ ನನಗೂ ಆಸೆಯಾಯಿತು. ಮುಂದಿನ ದೂರು ನಾನು ವಿಚಾರಿಸಲೇ? ಮಂತ್ರಿಗಳು ಹೇಳುವುದನ್ನೇ ಹೇಳುತ್ತೇನೆ."

ದೇವರಸಯ್ಯ ನಕ್ಕ. "ವಿಚಾರಿಸಲಿ ಬಿಡಿ. ಕೊನೆಗೆ ಎಲೆ ಕೊಡೋದು ತಾನೇ, ಅದೊಂದು ಅವನಿಗೆ ಚೆನ್ನಾಗಿ ಬರುತ್ತೆ."

"ಆಗಲಿ" ಎಂದ ದೊರೆ.

ಸ್ವಲ್ಪ ಹೊತ್ತಿಗೆ ಮಂತ್ರಿ ನೀರು ಕುಡಿಯಲು ಹಿಂದಿನ ಪಡಸಾಲೆಗೆ ಹೋದ. ಹೊಂಬಣ್ಣನೂ ಹಿಂದೆಯೇ ಹೋದ. ಎರಡು ಗಳಿಗೆ ಕಳೆದಿರಲಿಲ್ಲ, ದೇವರಸಯ್ಯ ಕೂಗುತ್ತ ಓಡಿ ಬಂದ. ಮೀಸೆಯ ಒಂದು ತುದಿ ಮೇಲಕ್ಕಿತ್ತು, ಇನ್ನೊಂದು ಗಲ್ಲದ ಮೇಲೆ ಜೋತಾಡುತ್ತಿತ್ತು.

"ದೊರೆಗಳೇ, ಈ ಎಲೆಚೀಲದವನು ನನ್ನ ಮೀಸೆ ಹಿಡಿದು ಜಗ್ಗಿದ."

ಹೊಂಬಣ್ಣ ಗಂಭೀರವಾಗಿ ಮುಂದೆ ಬಂದ. "ದೂರು ಬಂತು. ಹೇಳಿ ಸ್ವಾಮಿ, ಪಡಸಾಲೆಗೆ ಒಬ್ಬರೇ ಯಾಕೆ ಹೋದಿರಿ?"

"ಎಳೆದವನೇ ವಿಚಾರಣೆ ಮಾಡೋದೇ?"

"ಕೈ ಹಾಕಿದವನ ಭಾವ ಮಾಡಬಹುದಾದರೆ ಎಳೆದವನು ಮಾಡಬಾರದೇ? ಇನ್ನೂ ಬೇಗ ಮುಗಿಯುತ್ತೆ. ನೋಡಿದವರು ಯಾರು?"

"ಅಲ್ಲಿ ಯಾರಿದ್ದರು ನೋಡೋಕೆ?"

"ಸಾಕ್ಷಿ ಇಲ್ಲ. ಅದೂ ಅಲ್ಲದೆ ಇಷ್ಟು ಚೆಂದ ಹುರಿ ಮಾಡಿದ ಮೀಸೆ ಬಿಟ್ಟುಕೊಂಡು ಓಡಾಡಿದರೆ ಯಾರ ಕೈ ಸುಮ್ಮನಿರುತ್ತೆ? ಹೊಂಬಣ್ಣ ಸ್ವಲ್ಪ ತಮಾಷೆ ಮನುಷ್ಯ. ದೊಡ್ಡದು ಮಾಡಿದರೆ ನಿಮ್ಮ ಮಾನವೇ ಹೋಗೋದು. ತಗೊಳ್ಳಿ ವೀಳ್ಯ, ದೂರು ಮುಗೀತು."

ದೊರೆ ನಗು ತಡೆಯಲಾಗದೆ ಉತ್ತರೀಯ ಬಾಯಿಗೆ ಒತ್ತಿಕೊಂಡ. ದೇವರಸಯ್ಯ ಎಲೆಯನ್ನು ನೆಲಕ್ಕೆ ಬಿಸಾಡಿದ.

"ಮಾನ ಕಳಕೊಂಡು ಎಲೆ ತಿನ್ನೋಕೆ ನಾನೇನು ಬೀದಿ ಬಸವನೇ? ಕೈಗೆ ಎಲೆ ತುರುಕಿದರೆ ದೂರು ಮುಗಿಯುತ್ತೇನೋ?"

"ಈ ಮಾತು ನಿಮ್ಮ ಬಾಯಲ್ಲೇ ಬರಲಿ ಅಂತ ಕಾಯುತ್ತಿದ್ದೆ" ಎಂದು ಹೊಂಬಣ್ಣ ಬಾಗಿಲ ಕಡೆ ತಿರುಗಿದ. "ಬನ್ನಿ ತಾಯಂದಿರೇ."

ಸಣ್ಣೀರವ್ವ ಮುಂದೆ, ಉಳಿದವರು ಹಿಂದೆ. ಒಬ್ಬೊಬ್ಬರೂ ದೊರೆಯ ಮುಂದೆ ಒಂದೊಂದು ವೀಳ್ಯ ಇಟ್ಟರು. ಹದಿನಾಲ್ಕು ಎಲೆ. ಕೆಲವು ಎಷ್ಟು ಒಣಗಿದ್ದವೆಂದರೆ ಇಡುವಾಗಲೇ ಪುಡಿಯಾದವು. ಒಂದನ್ನೂ ಯಾರೂ ಜಗಿದಿರಲಿಲ್ಲ. ದೊರೆ ಒಬ್ಬೊಬ್ಬರನ್ನೂ ಕೇಳಿದ. ಎಲ್ಲರ ಬಾಯಲ್ಲೂ ಬೊಪ್ಪಯ್ಯನ ಹೆಸರೇ.

"ಮಂತ್ರಿಗಳ ಮೀಸೆ ನಾಳೆ ಎಣ್ಣೆ ಹಚ್ಚಿದರೆ ನೆಟ್ಟಗಾಗುತ್ತೆ. ಇವರದು ಹಾಗಲ್ಲ ಬುದ್ಧಿ" ಎಂದ ಹೊಂಬಣ್ಣ. ಅವನ ದನಿಯಲ್ಲಿ ಈಗ ತಮಾಷೆ ಇರಲಿಲ್ಲ.

ದೊರೆಯ ಮುಖ ಕಪ್ಪಿಟ್ಟಿತು. "ಬೊಪ್ಪಯ್ಯನನ್ನು ಎಳೆದು ಸೆರೆಮನೆಗೆ ಹಾಕಿ. ಸಣ್ಣೀರವ್ವನ ಕೆಲಸ ಇದ್ದಲ್ಲೇ ಇರಲಿ."

"ದೊರೆಗಳೇ, ನಾನು ಯಾರನ್ನೂ ಮುಟ್ಟಿಲ್ಲ" ಎಂದು ದೇವರಸಯ್ಯ ಕೈಮುಗಿದ.

"ನಿಜ, ಮುಟ್ಟಿಲ್ಲ" ಎಂದ ಹೊಂಬಣ್ಣ. "ಆದರೆ ಮೊದಲನೆಯವಳು ಬಂದ ದಿನವೇ ನೀವು ಕಿವಿಗೊಟ್ಟಿದ್ದರೆ, ಉಳಿದ ಹದಿಮೂರು ಎಲೆ ಬಳ್ಳಿಯಲ್ಲೇ ಉಳೀತಿದ್ದವು ಸ್ವಾಮಿ."

ದೊರೆ ಅಂಗೈ ಚಾಚಿದ. ದೇವರಸಯ್ಯ ಮುದ್ರೆಯುಂಗುರ ಕಳಚಿ ಅದರಲ್ಲಿಟ್ಟು, ಮೀಸೆ ಮುಚ್ಚಿಕೊಂಡು ಹೊರಟುಹೋದ.

ದೊರೆ ತಾನೇ ಒಂದು ಹೊಸ ವೀಳ್ಯ ತೆಗೆದು ಸಣ್ಣೀರವ್ವನಿಗೆ ಕೊಟ್ಟ. "ಮುಗಿಯಿತೇನವ್ವ?"

ಅವಳು ಎಲೆ ಹಿಡಿದು ನಿಂತಳು. "ಆ ಬೊಪ್ಪಯ್ಯ ಒಳಗೆ ಹೋಗಿ ಬಾಗಿಲಿಗೆ ಅಗಳಿ ಬೀಳಲಿ ಬುದ್ಧಿ. ಆಮೇಲೆ ಜಗೀತೀನಿ."

"ಊಟ ಆರಿಹೋಗುತ್ತೆ" ಎಂದು ಅಡುಗೆಯವನು ಬಾಗಿಲಲ್ಲಿ ಗೊಣಗಿದ.

"ಪದ್ಧತಿ ಪದ್ಧತಿಯೇ. ಅವಳು ಜಗಿಯುವವರೆಗೆ ಸಭೆ ಏಳುವ ಹಾಗಿಲ್ಲ" ಎಂದ ಹೊಂಬಣ್ಣ.

ಹೀಗಾಗಿ ಸಂಗಪ್ಪನಾಯಕ ಹಸಿದ ಹೊಟ್ಟೆಯಲ್ಲಿ ಕೂತ. ಸಭೆಯೆಲ್ಲ ಒಬ್ಬ ಅಕ್ಕಿ ಕುಟ್ಟುವವಳ ಬಾಯಿ ನೋಡುತ್ತ ಕಾಯಿತು. ಕೊನೆಗೆ ಕಾವಲಿನವನು ಬಂದು ಅಗಳಿ ಹಾಕಿದ್ದಾಯಿತೆಂದು ಹೇಳಿದ.

ಸಣ್ಣೀರವ್ವ ಎಲೆ ಬಾಯಿಗಿಟ್ಟು ನಿಧಾನವಾಗಿ ಜಗಿದಳು.

"ಸುಣ್ಣ ಒಂಚೂರು ಕಮ್ಮಿಯಾಯ್ತು" ಎಂದಳು.

ದೊರೆ ನಗುತ್ತ ಎದ್ದು, ಸುಣ್ಣದ ಡಬ್ಬಿಯನ್ನು ತಾನೇ ಅವಳ ಮುಂದೆ ಹಿಡಿದ.